ಜಗದಾಂಬಾ ಟೀಚರ್ ಒಪ್ಪಿಗೆ

ಬೀಟ್‌ರೂಟಿನ ಮಣ್ಣುವಾಸನೆ, ಕಣ್ಣು ಬಿಡದೆಯೇ ಹೇಳಬಲ್ಲೆ, ಚಂದ್ರಾ ಲೇಔಟಿನಿಂದ ಮೈದುನ ರೇವಣಸಿದ್ದಯ್ಯ ಫ್ಲಾಸ್ಕು ಹಿಡಿದು ಬಂದಿದ್ದಾನೆ, ಅತ್ತಿಗೆ ಇದನ್ನ ಕುಡೀರಿ, ರಕ್ತ ತಾನಾಗೇ ಏರತ್ತೆ — ಏರುತ್ತದೆ, ನಿನ್ನ ಸೈಟಿನ ಬೆಲೆ ಏರಿದ ಹಾಗೆ, ಪೆದ್ದ, ಮೇಲೆ ನೇತಾಡುವ ಚೀಲದಿಂದ ಯಾರದೋ ರಕ್ತ ನನ್ನೊಳಗೆ ತೊಟ್ಟಿಕ್ಕುತ್ತಿದೆ, ತಿಂಗಳಿಗೆ ಎರಡು ಸಲ, ಇವನ ಜ್ಯೂಸಿಗೆ ಬಗ್ಗುವ ಕಾಯಿಲೆಯೇ ಇದು, ಹೆಸರೆತ್ತಲೂ ಒಬ್ಬರಿಗೂ ಧೈರ್ಯವಿಲ್ಲ, ಸೊಸೆ ಶಿವರಂಜನಿಗೆ ಇದು ವೀಕ್‌ನೆಸ್ಸು, ಮಗ ಚನ್ನವೀರೇಶನಿಗೆ ಕೌಂಟ್ ಸ್ವಲ್ಪ ಕಮ್ಮಿ, ಎಪ್ಪತ್ತನಾಲ್ಕರ ಮುದುಕಿ ಕ್ಯಾನ್ಸರ್ ಅಂತ ಕೇಳಿದರೆ ಅಲ್ಲೇ ಪ್ರಾಣ ಬಿಡುತ್ತಾಳಂತೆ, ರಿಪೋರ್ಟು ಬಚ್ಚಿಟ್ಟಿದ್ದಾರೆ, ಎಲ್ಲಿ, ನನ್ನದೇ ಸೀರೆ ಬೀರುವಿನಲ್ಲಿ, ವಿಜಯನಗರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳಿಗೆ ಆ ಹಾಳೆ ಅರ್ಥವಾಗುವುದಿಲ್ಲವೇ, ರಕ್ತದ ಕ್ಯಾನ್ಸರ್ ಒಂದು, ಜೊತೆಗೆ ಇನ್ನೊಂದು, ಮೂಳೆಯೊಳಗಿನ ಮಜ್ಜೆಯೇ ಕೆಟ್ಟು ಹೊಸ ರಕ್ತ ಸರಿಯಾಗಿ ಹುಟ್ಟುತ್ತಿಲ್ಲ, ಮೊದಲನೆಯದಕ್ಕೆ ಮದ್ದು ಕೊಟ್ಟರೆ ಎರಡನೆಯದು ಇನ್ನಷ್ಟು ಕುಸಿಯಬಹುದು, ನಿನ್ನೆ ಬಾಗಿಲಾಚೆ ಡಾಕ್ಟರು ಮಗನಿಗೆ ಹೇಳಿದ್ದು ಇಲ್ಲಿಗೇ ಕೇಳಿಸಿತು, ಕೆಟ್ಟಿರುವುದು ಮಜ್ಜೆ, ಕಿವಿಯಲ್ಲ, ಕೀಮೋ ಕೊಡ್ಬಹುದು ಸಾರ್, ಆದ್ರೆ ಈ ವಯಸ್ಸಿಗೆ ರಿಸ್ಕು, ಬೇಡ ಅಂದ್ರೆ ಹೀಗೇ ರಕ್ತ ಹಾಕಿಸ್ಕೊಂಡು ಮನೇಲಿರ್ಲಿ, ಅಮ್ಮನ್ನೇ ಕೇಳಿ ನೋಡಿ — ಕೇಳಿದನೇ, ಎಲ್ಲಿಂದ ಕೇಳುತ್ತಾನೆ, ತಾಯಿಗೆ ಏನೂ ಮಾಡಿಸಲಿಲ್ಲ ಅಂತ ನೆಂಟರು ಆಡಿಕೊಳ್ಳಬಾರದು, ಅಷ್ಟೇ ಅವನ ಚಿಂತೆ.

ಅವನು ಕೇಳುವುದೇನು, ನಾನೇ ಹೇಳುತ್ತೇನೆ, ಕೀಮೋ ಬೇಡ, ಇರುವಷ್ಟು ದಿನ ಬಾಯಿಗೆ ರುಚಿ ಇಟ್ಟುಕೊಂಡು ನನ್ನ ಮನೆಯಲ್ಲಿ ಇರುತ್ತೇನೆ, ರಕ್ತ ಹಾಕುವ ಮೊದಲು ಚುಚ್ಚಿದ ಇಂಜೆಕ್ಷನ್ನಿನ ಜೊಂಪು ಇನ್ನೂ ಇಳಿದಿಲ್ಲ, ನಾಲಿಗೆ ದಪ್ಪ, ಆದರೂ ಕರೆಯುತ್ತೇನೆ, ನರ್ಸು ಕುಸುಮಾ, ಬಾಮ್ಮ ಇಲ್ಲಿ, ಕೀಮೋ ಫಾರಂ ಬಂದ್ರೆ ನನ್ ಕೈಗೇ ಕೊಡು — ಅಯ್ಯೋ, ಅದು ಆಗ್ಲೇ ಆಯ್ತಲ್ಲ ಅಮ್ಮ, ಅಮ್ಮಂಗೆ ಓದು ಬರಹ ಬರಲ್ಲ ಅಂದ್ರು ನಿಮ್ಮ ಮಗ, ನೀವು ಮಂಪರಲ್ಲಿದ್ರಿ, ಅವ್ರೇ ನಿಮ್ ಕೈ ಹಿಡ್ದು ಹೆಬ್ಬೆಟ್ಟು ಒತ್ತಿಸಿದ್ರು — ಬರುವುದಿಲ್ಲ ಅಂದನೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಹೇಡಿ, ಸೂಜಿಯಿಲ್ಲದ ಕೈ ಎತ್ತಿ ನೋಡುತ್ತೇನೆ, ಹೆಬ್ಬೆರಳು ನೀಲಿ, ಹೊದಿಕೆಗೆ ಉಜ್ಜುತ್ತೇನೆ, ಗೆರೆಗೆರೆಯಲ್ಲೂ ನೀಲಿ, ಎಂಜಲು ಹಚ್ಚಿ ಸೆರಗಿಗೆ ಉಜ್ಜುತ್ತೇನೆ, ಸೆರಗಿಗೂ ಹತ್ತಿತು, ಹೋಗುತ್ತಿಲ್ಲ, ಹೆಬ್ಬೆರಳು, ನನ್ನದೇ ಹೆಬ್ಬೆರಳು, ನೀಲಿ —