ಶಿವಗಂಗಮ್ಮ ಕೇಳಿದ ಉಡುಗೊರೆ

ನಮ್ಮ ಧನ್ಯಾಳ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚೆ ಮಿಸ್ಸುಗಳಿಗೆ ಉಡುಗೊರೆ ಕೊಡಬೇಕೆಂದು ಯಾರೂ ಹೇಳಿಲ್ಲ. ಆದರೂ ತಾಯಂದಿರೆಲ್ಲ ಕೊಡುತ್ತಾರೆ, ಕೊಟ್ಟ ಮೇಲೆ ಯುಕೆಜಿ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಹಾಕುತ್ತಾರೆ. ನಾನೇನು ಕಮ್ಮಿಯೇ? ಭಾನುವಾರ ಬೆಳಗ್ಗೆ ಮಗಳ ಕೈ ಹಿಡಿದು ಹಾಸನದ ಕಸ್ತೂರಬಾ ರಸ್ತೆಗೆ ಹೋದೆ. ಕ್ಲಾಸ್ ಮಿಸ್ ನೀಲಾಂಬಿಕೆಗೆ ಪಿಂಗಾಣಿ ಕಪ್ಪುಗಳ ಸೆಟ್ಟು, ವ್ಯಾನ್ ಓಡಿಸುವ ರಾಮಣ್ಣನಿಗೆ ಮಫ್ಲರು, ಗೇಟು ಕಾಯುವ ಕೆಂಚಯ್ಯನಿಗೆ ಟಾರ್ಚು ಆರಿಸಿದ್ದಾಯಿತು.

"ಆಯಮ್ಮಂಗೆ?" ಎಂದಳು ಧನ್ಯಾ.

"ಹೊಸ ಆಯಮ್ಮ ಬಂದು ತಿಂಗಳಾಗಿಲ್ಲ, ಅವರಿಗೇನೇ ಈಗ್ಲೇ?"

"ಅವರಿಗಲ್ಲ. ಶಿವಗಂಗಮ್ಮಂಗೆ."

ನನಗೆ ಸರ್ರನೆ ಸಿಟ್ಟು ಬಂತು. ಹಳೇ ಆಯಾ ಶಿವಗಂಗಮ್ಮನನ್ನು ಶಾಲೆಯ ಕೆಲಸದಿಂದ ಬಿಡಿಸಿದವಳೇ ನಾನು. ನವೆಂಬರಿನ ಒಂದು ಮಧ್ಯಾಹ್ನ ಮಗಳ ಸ್ವೆಟರು ಕೊಡಲು ಹೋದಾಗ ಆ ಹೆಂಗಸು ನಲ್ಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನಾನು ಐದು ಗಂಟೆಗೆ ಎದ್ದು ಮಾಡಿದ ನೂಡಲ್ಸನ್ನು ಧನ್ಯಾಳ ಗುಲಾಬಿ ಡಬ್ಬಿಯಿಂದ ತಿನ್ನುತ್ತಿದ್ದಳು. "ಮಗೂನೇ ಕೊಡ್ತು ಕಣವ್ವಾ" ಎಂದಳು. ಮಗು ಕೊಟ್ಟರೆ ತಿಂದುಬಿಡುವುದೇ? ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಫೋಟೊ ಹೊಡೆದು, 'ನಮ್ಮ ಮಕ್ಕಳ ಊಟ ಯಾರ ಹೊಟ್ಟೆಗೆ ಹೋಗುತ್ತಿದೆ ನೋಡಿ' ಎಂದು ಗ್ರೂಪಿಗೆ ಹಾಕಿದೆ. ಮಾರನೆಯ ದಿನ ಅವಳ ಕೆಲಸ ಹೋಗಿತ್ತು. ಗ್ರೂಪಿನ ತಾಯಂದಿರು ನನ್ನನ್ನು ಹೊಗಳಿದ್ದೇ ಹೊಗಳಿದ್ದು.

"ನಿನ್ನ ಊಟ ಕದ್ದು ತಿಂದೋಳಿಗೆ ಉಡುಗೊರೆ ಬೇರೆ ಕೇಡು!" ಎಂದೆ.

ಧನ್ಯಾ ಅಂಗಡಿಯ ಮಧ್ಯದಲ್ಲೇ ಅಳತೊಡಗಿದಳು. "ಕದ್ದಿಲ್ಲ. ನಾವು ದಿನಾ ಬದಲಾಯಿಸ್ಕೋತಿದ್ವಿ. ನಂಗೆ ನೂಡಲ್ಸ್ ಸೇರಲ್ಲ. ಅವರು ಮುದ್ದೆ, ಹುರುಳಿ ಸಾರು ತರ್ತಿದ್ರು. ಚಿಕ್ಕ ಚಿಕ್ಕ ತುತ್ತು ಮಾಡಿ ನಂಗೆ ನುಂಗಿಸ್ತಿದ್ರು. ನಂದು ಮುಗಿದ್ಮೇಲೇ ಅವರು ನನ್ನ ಡಬ್ಬಿ ತಿಂತಿದ್ದಿದ್ದು."

"ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಬೈತಿಯಲ್ಲ."

ಬೈದಿದ್ದೆ, ನಿಜ. ಶಾಲೆಗೆ ಸೇರಿಸಿದ ದಿನವೇ, ಅಲ್ಲಿ ಮುದ್ದೆಗಿದ್ದೆ ಅಂದರೆ ಹಲ್ಲು ಉದುರಿಸುತ್ತೇನೆ ಅಂದಿದ್ದೆ. ಹೊಳೆನರಸೀಪುರದ ತೌರಿನಲ್ಲಿ ಎರಡು ಹೊತ್ತೂ ಮುದ್ದೆ ನುಂಗಿ ಬೆಳೆದವಳು ನಾನು. ಮಗಳ ಡಬ್ಬಿಯಲ್ಲಿ ಮಾತ್ರ ಅದು ಕಾಣಕೂಡದು! ಒಂದು ತಿಂಗಳಿಂದ ಡಬ್ಬಿ ತುಂಬಿದ ಹಾಗೇ ಮನೆಗೆ ವಾಪಸು ಬರುತ್ತಿತ್ತು, ನಾನು ಶೀತ ಅಂದುಕೊಂಡು ಕಷಾಯ ಕುಡಿಸುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ನಾನು ಫೋಟೊ ಹೊಡೆದಿದ್ದೆ.

ಅಲ್ಲೇ ಪಕ್ಕದ ಅಂಗಡಿಯಲ್ಲಿ ಒಂದು ಒಳ್ಳೆಯ ಸೀರೆ ಕಟ್ಟಿಸಿಕೊಂಡು ಶಿವಗಂಗಮ್ಮನ ಊರಾದ ಕೊರವಂಗಲದ ಬಸ್ಸು ಹತ್ತಿದೆವು. ಊರಿನಲ್ಲಿ ಇಳಿದು ಪೆಟ್ಟಿಗೆ ಅಂಗಡಿಯವನನ್ನು ಶಿವಗಂಗಮ್ಮನ ಮನೆ ಕೇಳಿದೆ. "ಯಾರು, ಬುತ್ತಿಕಳ್ಳಿ ಶಿವಗಂಗಮ್ಮುನ್ನಾ?" ಎಂದು ಅವನು ಹಲ್ಲು ಕಿರಿದ. ಮಗಳ ಕೈ ಹಿಡಿದು ಅವನು ತೋರಿಸಿದ ಓಣಿಗೆ ನಡೆದೆ.

ಅವಳು ಶುಂಠಿ ಕೀಳುವ ಕೂಲಿಯಿಂದ ಆಗತಾನೆ ಬಂದು ಜಗಲಿಯ ಬಳಿ ಕೈಕಾಲಿನ ಮಣ್ಣು ತೊಳೆಯುತ್ತಿದ್ದಳು. ಧನ್ಯಾ ಓಡಿಹೋಗಿ ಅವಳ ಸೊಂಟ ತಬ್ಬಿದಳು. "ಅಯ್ಯೋ ನನ್ ಕಂದಾ, ಯಾಕವ್ವಾ ಇಂಗೆ ಸೊರಗ್ಬುಟ್ಟಿದ್ದೀಯಾ?" ಎಂದು ಮಗುವಿನ ಕೆನ್ನೆ ಸವರಿದಳು. ನನ್ನ ಕಡೆ ಅವಳು ನೋಡಲಿಲ್ಲ.

"ತಪ್ಪಾಯ್ತು ಶಿವಗಂಗಮ್ಮ. ಇವತ್ತು ಗೊತ್ತಾಯ್ತು. ಮುದ್ದೆ ಉಣ್ಣಿಸ್ತಿದ್ದೆ ಅಂತ ನೀವಾದರೂ ಹೇಳಬಾರದಿತ್ತಾ?"

"ಏನಂತ ಏಳ್ಲವ್ವಾ? ನಮ್ಮೂಟ ಮಕ್ಕಳ್ಗೆ ಮುಟ್ಟಿಸ್ಬ್ಯಾಡಿ ಅಂತ ದೊಡ್ ಮಿಸ್ಸು ಏಳಿದ್ರು. ಏಳಿದ್ರೂ ಕೆಲ್ಸ ಓಗೋದೇ. ಅದ್ರ ಮ್ಯಾಲೆ ಮಗೀಗೂ ಏಟು ಬೀಳೋದು."

ಸೀರೆಯ ಚೀಲ ಮುಂದೆ ಹಿಡಿದೆ. ಅವಳು ಕೈ ಒರೆಸಿಕೊಂಡು ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

"ಸೀರೆ ಬ್ಯಾಡಿ ಕಣವ್ವಾ. ಕೆಲ್ಸಾನೂ ಬ್ಯಾಡಿ, ಕೂಲಿಗೋಯ್ತೀನಿ, ಒಟ್ಟೆಗಾಯ್ತದೆ. ಆ ಫೋಟೊ ನಮ್ಮೂರ್ ಉಡುಗ್ರ ಫೋನ್ಗೂ ಬಂದ್ಬುಡ್ತು. ನೀರಿಗೋದ್ರೆ ನಗ್ತಾರೆ, ಯಾರ್ದಾರ ಮನೆ ಊಟುಕ್ಕೆ ಓದ್ರೆ ನನ್ ಎಲೇನೇ ನೋಡ್ತಾರೆ. ನಂಗಿನ್ನೇನೂ ಬ್ಯಾಡ. ನೀವು ಅದ್ಯಾವ್ ಜಾಗ್ದಲ್ಲಿ ಆಕಿದ್ರೋ ಅದೇ ಜಾಗ್ದಲ್ಲಿ, ಶಿವಗಂಗಮ್ಮ ಕಳ್ಳಿ ಅಲ್ಲ ಅಂತ ಒಂದ್ ಮಾತು ಬರುದ್ಬುಡಿ. ಅಷ್ಟು ಸಾಕು."

"ಇವತ್ತೇ ಬರೀತೀನಿ" ಎಂದೆ.

ಅವಳು ನನಗೆ ಕೈ ಮುಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬರುವ ಬಸ್ಸಿನಲ್ಲಿ ಕೂತ ತಕ್ಷಣ ಫೋನು ತೆಗೆದೆ. 'ಶಿವಗಂಗಮ್ಮ ಕದ್ದಿರಲಿಲ್ಲ. ನನ್ನ ಮಗಳಿಗೆ ತಮ್ಮ ಊಟ ಕೊಟ್ಟು ಅವಳ ಡಬ್ಬಿ ತಿನ್ನುತ್ತಿದ್ದರು. ತಪ್ಪು ನನ್ನದು' ಎಂದು ಬರೆದೆ. ಬರೆದು ಇನ್ನೊಮ್ಮೆ ಓದಿದೆ. ತಾಯಿ ಮಾಡಿದ್ದು ಮಗುವಿಗೆ ಸೇರುತ್ತಿರಲಿಲ್ಲವಂತೆ, ಆಯಾ ಕೈಯ ಮುದ್ದೆ ಉಣ್ಣುತ್ತಿತ್ತಂತೆ, ಆ ತಾಯಿ ಸುಳ್ಳು ಹೇಳಿ ಬಡ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿದಳಂತೆ. ಗ್ರೂಪಿನ ಆ ಬಾಯಿಗಳು ನನಗೆ ಗೊತ್ತು, ನನ್ನದೂ ಅವುಗಳಲ್ಲಿ ಒಂದು. 'ತಪ್ಪು ನನ್ನದು' ಎಂಬುದನ್ನು ಅಳಿಸಿದೆ. 'ಸ್ವಲ್ಪ ತಪ್ಪು ತಿಳುವಳಿಕೆ ಆಗಿರಬಹುದು' ಎಂದು ಸೇರಿಸಿದೆ. ಅದನ್ನೂ ಅಳಿಸಿದೆ. ಅಷ್ಟರಲ್ಲಿ ಯಾರೋ ಮಿಸ್ಸುಗಳಿಗೆಲ್ಲ ಕೃತಜ್ಞತೆ ಹೇಳಿ ಕನ್ನಡದಲ್ಲಿ ಉದ್ದವಾಗಿ ಬರೆದು ಗ್ರೂಪಿಗೆ ಹಾಕಿದರು. ನನಗೆ ಹೆದರಿಕೆಯಾಗಿತ್ತು, ಬೇರೇನೂ ಅಲ್ಲ. ಉಳಿದದ್ದನ್ನೂ ಅಳಿಸಿಬಿಟ್ಟೆ.

"ಬರೆದ್ಯಾ ಅಮ್ಮಾ?" ಎಂದಳು ಧನ್ಯಾ.

"ಬರೆದೆ."

"ತೋರ್ಸು."

ಗ್ರೂಪು ತೆರೆದು ಅವಳ ಮುಂದೆ ಹಿಡಿದೆ. ಅವಳಿಗೆ ಶಾಲೆಯಲ್ಲಿ ಇನ್ನೂ ಕನ್ನಡ ಅಕ್ಷರ ಕಲಿಸಿಲ್ಲ. ಆ ಉದ್ದನೆಯ ಬರಹದ ಮೇಲೆ ಬೆರಳಿಟ್ಟು, "ಇದಾ?" ಎಂದು ಕೇಳಿದಳು.

"ಹೂಂ, ಅದೇ ಕಣೇ" ಎಂದೆ.