ಓಸ್ಕೋನನಿಗೆ ಕೊಟ್ಟ ಕುರಿತಲೆ

ಕೊಂಡ ಹಳೇ ಕಾರು ಕೆಟ್ಟು ನಿಂತರೆ ಏನು ಮಾಡಬೇಕೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ತಮ್ಮದು ಕೆಡುವವರೆಗೆ. ನಮ್ಮದು ಕೆಟ್ಟಿದ್ದು ಕೊಂಡ ವಾರದೊಳಗೆ, ನರಿನ್ ಪಟ್ಟಣದ ದಾರಿಯ ಘಾಟಿಯಲ್ಲಿ. ಮುಂದಿನಿಂದ ಬಿಳಿ ಹೊಗೆ ಎದ್ದಿತು, ಇಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪಕ್ಕದಲ್ಲಿ ನನ್ನ ಹೆಂಡತಿ ಬುರುಲ್ ಶಾಲು ಹೊದ್ದು ಕೂತಿದ್ದಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ಒಂದು ದಿನ ಬಿಟ್ಟು ಒಂದು ದಿನ ನರಿನ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು, ತಪ್ಪಿದರೆ ಮೈಯಲ್ಲಿ ವಿಷ ಏರುತ್ತದೆ.

"ನಿಂತೇಹೋಯ್ತಾ?" ಅಂದಳು.

"ಹೋಯ್ತು."

ಅಷ್ಟೇ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿಂದೊಮ್ಮೆ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ನನ್ನೊಬ್ಬನನ್ನೇ ಕರೆದು, "ಹೃದಯವೂ ಸೋತಿದೆ, ವಸಂತದವರೆಗೆ ಅಂದುಕೊಳ್ಳಿ" ಎಂದಿದ್ದರು. ಅಂದಿನಿಂದ ನನ್ನೊಳಗೆ ಎಲ್ಲವೂ ಮರಗಟ್ಟಿಹೋಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಕಲ್ಲಿದ್ದಲು ಲಾರಿಯವನೊಬ್ಬ ನಮ್ಮನ್ನು ಹತ್ತಿಸಿಕೊಂಡ. ತಲುಪುವ ಹೊತ್ತಿಗೆ ಅವಳ ಯಂತ್ರಕ್ಕೆ ಬೇರೆಯವರನ್ನು ಮಲಗಿಸಿಯಾಗಿತ್ತು. ಮರುದಿನ ಅವಳ ಕಾಲು ಊದಿ ಬೂಟು ಹಿಡಿಸಲಿಲ್ಲ.

ಕಾರನ್ನು ಎಳೆಸಿಕೊಂಡು ಬಂದು ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಆಯಿಲ್ ಕಡ್ಡಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದ.

"ನೋಡಣ್ಣ, ಹಾಲು ಹಾಕಿದ ಚಾ ಥರ ಆಗಿದೆ. ಆಯಿಲ್‌ಗೆ ನೀರು ಸೇರಿದೆ. ಇಂಜಿನ್ ಎಂದೋ ಬಿರುಕು ಬಿಟ್ಟಿತ್ತು, ಅಂಟು ಮೆತ್ತಿ ಮಾರಿದಾರೆ. ಯಾರ ಹತ್ರ ತಗೊಂಡ್ರಿ?"

"ಓಸ್ಕೋನ್."

"ಇನ್ನೂ ವಾರ ಆಗಿಲ್ವಲ್ಲ, ಅವನ ಮನೆ ಮುಂದೆ ಎಳ್ಕೊಂಡ್ಹೋಗಿ ನಿಲ್ಸಿ. ವಾಪಸ್ ತಗೊಳ್ದೆ ಎಲ್ಲಿಗೆ ಹೋಗ್ತಾನೆ?"

"ಅವನಿಗೆ ಮನೇಲಿ ಕೂರಿಸಿ ಕುರಿತಲೆ ಕೊಟ್ಟಿದೀನಿ ಕಣೋ," ಅಂದೆ.

ಮೆಕ್ಯಾನಿಕ್ ಕಡ್ಡಿಯನ್ನು ಒರೆಸಿ ಒಳಗಿಟ್ಟ. "ಹಂಗಾದ್ರೆ ಮುಗೀತು ಬಿಡಿ."

ಕುದುರೆಯಾಗಿದ್ದರೆ ನಾನು ಹಲ್ಲು ನೋಡುತ್ತಿದ್ದೆ, ಗೊರಸು ಎತ್ತಿ ನೋಡುತ್ತಿದ್ದೆ. ಹೆಣ್ಣುಕುದುರೆ ಮಾರಿ ಕೊಂಡ ಈ ಕಾರಿನಲ್ಲಿ ನೋಡಿದ್ದು ಸೀಟಿನ ಹೊದಿಕೆಯನ್ನು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಕಾರು ಮನೆಗೆ ಬಂದ ದಿನ ಕುರಿ ಕಡಿದೆವು, ಚಕ್ರಕ್ಕೆ ರಕ್ತ ಹಚ್ಚಿದೆವು. ಬೇಯಿಸಿದ ತಲೆ ಗೌರವದ ಪಾಲು, ಅದು ಕೂತವರಲ್ಲಿ ಹಿರಿಯನಾದ ತಿನಾಲಿ ತಾತನಿಗೆ ಸಲ್ಲಬೇಕು. ನಾನು ತಟ್ಟೆಯನ್ನು ಓಸ್ಕೋನನ ಕಡೆ ತಿರುಗಿಸಿದೆ. ಇನ್ನು ಬುರುಲ್ ಶೇರ್ ಟ್ಯಾಕ್ಸಿ ತುಂಬಲಿ ಎಂದು ಚಳಿಯಲ್ಲಿ ಕಾಯಬೇಕಿಲ್ಲ ಎಂಬ ಸಮಾಧಾನಕ್ಕೆ ಹಾಗೆ ಮಾಡಿದೆ. ಓಸ್ಕೋನ್ ನಾಚಿಕೊಂಡ, ಆದರೂ ತಿಂದ. ಆಮೇಲೆ ತಿನಾಲಿ ತಾತ ಅಂಗೈ ಬಿಚ್ಚಿ, "ಈ ಗಾಡಿ ಹತ್ತೋ ಹೆಣ್ಣು ಮೊಮ್ಮಕ್ಕಳ ಮದುವೆ ನೋಡ್ಲಿ" ಎಂದು ಹರಸಿದ. ಓಸ್ಕೋನ್ ಎಲ್ಲರಿಗಿಂತ ಜೋರಾಗಿ "ಓಮಿನ್, ಹಾಗೇ ಆಗ್ಲಿ" ಅಂದ. ಇಂಜಿನ್‌ನಲ್ಲಿ ಅಂಟು ಮೆತ್ತಿದ್ದವನೂ ಅವನೇ.

ಊರ ಹಿರಿಯರ ಪಂಚಾಯ್ತಿಗೆ ತಿನಾಲಿ ತಾತನೇ ಯಜಮಾನ. ಅವನ ಬಳಿ ಹೋದೆ.

"ನಿನ್ನ ಮನೇಲಿ ತಲೆ ಉಂಡೋನು ನಿನ್ನ ಮನೆಯವನಾದ," ಅಂದ ತಾತ. "ಮನೆಯವನ ಮೇಲೆ ದೂರು ಹೇಳ್ತೀಯಾ? ನನಗೆ ಹಲ್ಲಿಲ್ಲ ಅಂತ ಅಲ್ವೇನೋ ತಟ್ಟೆ ಆ ಕಡೆ ತಿರುಗಿಸಿದ್ದು? ಈಗ ಅಗಿ."

ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಮನೆಗೆ ಬಂದು ತಾತ ಹೇಳಿದ್ದನ್ನು ಬುರುಲ್‌ಗೆ ಹೇಳಿದೆ. ಅವಳು ಊದಿದ ಪಾದಗಳನ್ನು ದಿಂಬಿನ ಮೇಲಿಟ್ಟುಕೊಂಡು ಕೇಳಿದಳು.

"ಮನೆಯವನು ಅಂದ್ರಾ?"

"ಹೂಂ."

"ಸರಿ ಮತ್ತೆ."

ಮರುದಿನ ಬೆಳಿಗ್ಗೆ ನನ್ನ ರಬ್ಬರ್ ಬೂಟು ಹಾಕಿಕೊಂಡು, ಆಸ್ಪತ್ರೆಯ ಚೀಲ ಹಿಡಿದು ಹೊರಟಳು. ನಾನು ಹಿಂದೆ ಹೋದೆ. ಓಸ್ಕೋನನ ಅಂಗಳದಲ್ಲಿ ಅವನ ಸ್ವಂತ ಜೀಪು ತೊಳೆದು ನಿಲ್ಲಿಸಿತ್ತು. ಬುರುಲ್ ನೇರ ಬಾಗಿಲು ತೆಗೆದು ಹತ್ತಿ ಕೂತಳು. ಓಸ್ಕೋನ್ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಓಡಿಬಂದ.

"ಏನು ತಂಗಿ ಇದು?"

"ಇವತ್ತು ನರಿನ್‌ಗೆ ಹೋಗೋ ದಿನ ಅಣ್ಣ. ನಿಧಾನಕ್ಕೆ ತಿನ್ನು, ಕಾಯ್ತೀನಿ."

ಕಾರಿನ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದ್ದರೆ ಅವನಿಗೂ ನಾಲ್ಕು ಸುಳ್ಳು ಹೇಳಲು ದಾರಿಯಾಗುತ್ತಿತ್ತು. ಪಕ್ಕದ ಮನೆಯ ಹೆಂಗಸರು ಬಕೆಟ್ ಹಿಡಿದು ನಿಂತು ನೋಡುತ್ತಿದ್ದರು. ಓಸ್ಕೋನ್ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಅವನು ಟೋಪಿ ತಂದು ಗಾಡಿ ಹೊರಡಿಸಿದ.

ಮುಂದಿನ ಸರದಿಗೂ ಹೋದಳು, ಅದರ ಮುಂದಿನದಕ್ಕೂ. ಆಮೇಲೆ ಅವನೇ ನಮ್ಮ ಗೇಟಿನ ಮುಂದೆ ಬಂದು ಹಾರನ್ ಹೊಡೆಯತೊಡಗಿದ. ನಾನು ಗೇಟಿನವರೆಗೆ ಚೀಲ ಹಿಡಿದು ಹೋಗಿ ಅಲ್ಲೇ ನಿಲ್ಲುತ್ತಿದ್ದೆ. ಸಂಜೆ ಬಂದು ಅವಳು, ಓಸ್ಕೋನಣ್ಣ ಎಷ್ಟು ಕೆಟ್ಟದಾಗಿ ಹಾಡ್ತಾನೆ ಅಂತ ನಗುತ್ತಿದ್ದಳು. ನಾನು ನಕ್ಕಂತೆ ಮಾಡುತ್ತಿದ್ದೆ.

ಘಾಟಿಗೆ ಹಿಮ ಬಿದ್ದ ಮೇಲೆ ಒಂದು ಬೆಳಿಗ್ಗೆ ಓಸ್ಕೋನ್ ಹಾರನ್ ಹೊಡೆಯದೆ ಒಳಗೇ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಆ ಕಾರು ವಾಪಸ್ ತಗೋತೀನಿ. ಕೊಟ್ಟಿದ್ದೆಲ್ಲ ಹಿಂದಕ್ಕೆ ಕೊಡ್ತೀನಿ. ನಾನು ಮಾಡಿದ್ದು ತಪ್ಪು, ಒಪ್ಕೋತೀನಿ. ಸಾಕು ಮಾಡು ತಂಗಿ, ಊರೆಲ್ಲ ನಗ್ತಿದೆ."

ನಾನು ಆಗಲಿ ಅನ್ನಲು ಬಾಯಿ ತೆರೆದಿದ್ದೆ.

"ಬೇಡ ಅಣ್ಣ," ಅಂದಳು ಬುರುಲ್, ಶಾಲು ಸುತ್ತಿಕೊಳ್ಳುತ್ತ. "ಇನ್ನೊಂದು ಗಾಡಿ ತಗೊಂಡ್ರೆ ಅದೂ ಕೆಡುತ್ತೆ. ನೀನು ಕೆಡಲ್ಲ."

"ಎಷ್ಟು ದಿನ ಅಂತ?"

"ಮೊಮ್ಮಕ್ಕಳ ಮದುವೆವರೆಗೆ. ನೀನೇ ಓಮಿನ್ ಅಂದ್ಯಲ್ಲ."

"ಅಯ್ಯೋ, ನಿನ್ನ ಮಗಳೇ ಇನ್ನೂ ಸ್ಕೂಲಿಗೆ ಹೋಗ್ತಿದಾಳಲ್ಲಮ್ಮ!"

"ಹಂಗಾದ್ರೆ ಜೀಪಿಗೆ ಒಳ್ಳೇ ಟೈರು ಹಾಕಿಸ್ಕೋ."

ಬೇಗ ಸಾಯಿ ಅನ್ನಲು ಅವನಿಗಾಗುತ್ತದೆಯೇ? ಓಸ್ಕೋನ್ ಟೋಪಿ ತಲೆಗೇರಿಸಿಕೊಂಡು, ಗೊಣಗುತ್ತ ಹೋಗಿ ಇಂಜಿನ್ ಬಿಸಿ ಮಾಡತೊಡಗಿದ. ಅವಳು ನಗುತ್ತ ಬೂಟಿಗೆ ಕಾಲು ತೂರಿಸಲು ಒದ್ದಾಡುತ್ತಿದ್ದಳು. ಅವಳು ಇನ್ನೂ ಹುಟ್ಟದ ಮೊಮ್ಮಕ್ಕಳ ಮದುವೆಗೆ ಗಾಡಿ ಗೊತ್ತುಮಾಡಿದ್ದಳು. ನಾನೋ, ವಸಂತಕ್ಕೂ ಮೊದಲೇ, ಪಕ್ಕದಲ್ಲಿ ಇಟ್ಟುಕೊಂಡೇ ಅವಳನ್ನು ಮಣ್ಣು ಮಾಡಿ ಬಂದವನಂತೆ ಬದುಕುತ್ತಿದ್ದೆ. ಇಷ್ಟು ದಿನ ಬಾರದಿದ್ದ ಅಳು ಬಂತು.

"ಏನ್ರೀ ಅದು, ಬೆಳಿಗ್ಗೆ ಬೆಳಿಗ್ಗೆ?" ಅಂದಳು.

ಕೆಳಗೆ ಕೂತು ಅವಳ ಬೂಟು ಎಳೆದು ಹಾಕಿದೆ. ಆ ದಿನ ಗೇಟಿನ ಬಳಿ ನಿಲ್ಲಲಿಲ್ಲ, ಅವಳ ಜೊತೆ ನಾನೂ ಜೀಪು ಹತ್ತಿದೆ.