ಎಡಚಕ್ರದ ಬೇರಿಂಗು

ಭಾನುವಾರ ಸಂಜೆ ಮೈದುನ ಅಮರನಾಥ ಬಂದು ಜೀಪನ್ನು ಚನ್ನರಾಯಪಟ್ಟಣಕ್ಕೆ ಒಯ್ಯುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೀರ್ಮಾನವಾಗುವಾಗ ನಾನೂ ಅಲ್ಲೇ ಕೂತಿದ್ದೆ. ಕಾರಣ, ಮುಂದಿನ ಚಕ್ರದ ಸದ್ದು. ವೇಗ ನಲವತ್ತು ದಾಟಿದರೆ ಎಡಗಡೆಯಿಂದ ಹಿಟ್ಟಿನ ಗಿರಣಿಯಂತೆ ಗೊರಗೊರ ಏಳುತ್ತಿತ್ತು.

"ಚಕ್ರ ಕಳಚ್ಕಂಡ್ರೆ ಯಾರ್ ಒಣೆ? ನನ್ ಅಂಗ್ಡಿ ತಾವ ನಿಂತಿರ್ಲಿ. ನೀವು ಬಸ್ಸಲ್ಲಿ ಓಡಾಡಿ ಅತ್ಗೆ," ಎಂದಿದ್ದ ಅಮರನಾಥ.

ಅರಕಲಗೂಡಿನಿಂದ ಒಳಗಿರುವ ನಮ್ಮೂರಿಗೆ ಮೊದಲ ಬಸ್ಸು ಎಂಟೂವರೆಗೆ. ಹೊಳೆನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ನಾನು ಆ ಭಾನುವಾರ ಕಳೆದ ಗುರುವಾರ ಸೇರಬೇಕಿತ್ತು. ಮೊದಲ ತರಗತಿಯೂ ಎಂಟೂವರೆಗೇ. ಜೀಪು ಹೋದರೆ ಕೆಲಸವೂ ಹೋಯಿತು. ನನ್ನ ಗಂಡ ನಟರಾಜ ತೀರಿಕೊಂಡ ಮೇಲಿನ ಹತ್ತು ತಿಂಗಳಲ್ಲಿ ನಾನು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಭಾನುವಾರದೊಳಗೆ ಸದ್ದು ನಿಲ್ಲಿಸುತ್ತೇನೆ, ನಿಂತರೆ ಜೀಪು ಇಲ್ಲೇ ಇರಲಿ ಎಂದೆ. ಅಮರನಾಥ ನಕ್ಕು, ಆಗಲಿ ಎಂದ.

ಅರಕಲಗೂಡಿನ ಮೆಕ್ಯಾನಿಕ್ ರಂಗಣ್ಣ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬೇರಿಂಗ್ ಒಣಗೈತೆ," ಎಂದ. "ಆದ್ರೆ ಈಗ ಕೈ ಇಕ್ಕಾಕಾಗಾಕಿಲ್ಲ ಕಣಮ್ಮ. ಒಗೆಸೊಪ್ಪಿನ ಟ್ರಾಕ್ಟ್ರುಗಳೇ ಸಾಲಾಗ್ ನಿಂತವೆ ನೋಡಿ. ಅದಿನೈದ್ ದಿನ ಬುಟ್ಟು ಬನ್ನಿ."

"ನಾನೇ ಮಾಡಬಹುದಾ?"

ಅವನು ನನ್ನ ಕೈಗಳನ್ನು ನೋಡಿದ. "ಮುದ್ದೆ ಕಟ್ಟಾಕ್ ಬತ್ತದಲ್ಲ? ಗ್ರೀಸ್ ತುಂಬೋದೂ ಅಂಗೇಯ. ಅಂಗೈಲಿ ಇಟ್ಕಂಡು ಒತ್ತೋದು, ರೋಲರ್ ಸಂದೀಲಿ ಆ ಕಡೆಯಿಂದ ಈಚೆಗೆ ಬರೋಗಂಟ. ಒಂದ್ ಮಾತು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅವು ಸವೆದೂ ಸವೆದೂ ಅದ್ರದ್ರ ಜಾಗಕ್ಕೆ ಒಗ್ಗೋಗಿರ್ತವೆ. ಅದ್ಲುಬದ್ಲು ಮಾಡಿದ್ರೆ ಕೆಟ್ಟೋಯ್ತದೆ."

ಭಾನುವಾರ ಬೆಳಿಗ್ಗೆ, ಜೀಪು ನೆಲದ ಮೇಲಿರುವಾಗಲೇ, ನಟ್ಟುಗಳನ್ನು ಸಡಿಲಿಸಲು ಕೂತೆ. ಎಡಚಕ್ರದ ನಾಲ್ಕು ನಟ್ಟುಗಳು ಸಡಿಲವಾದವು, ಐದನೆಯದು ಆಗಲಿಲ್ಲ. ಸ್ಪಾನರಿನ ಮೇಲೆ ಹತ್ತಿ ನಿಂತೆ. ಜಾರಿ ಮೊಣಕಾಲು ತರಚಿತು. ಮತ್ತೆ ನಿಂತೆ, ಸಡಿಲವಾಯಿತು. ಆಮೇಲೆ ಜಾಕ್ ಕೊಟ್ಟು ಜೀಪನ್ನು ಸೈಜುಗಲ್ಲುಗಳ ಮೇಲೆ ನಿಲ್ಲಿಸಿ ಚಕ್ರ ತೆಗೆದೆ. ಒಳಗಿನ ದೊಡ್ಡ ನಟ್ಟಿಗೆ ಅಡ್ಡಲಾಗಿದ್ದ ಪಿನ್ನು ತುಕ್ಕು ಹಿಡಿದು ಎರಡು ತುಂಡಾಯಿತು. ಬಲಗಡೆಯದ್ದೂ ಹಾಗೆಯೇ. ಹನ್ನೊಂದರ ಹೊತ್ತಿಗೆ ನಾಲ್ಕು ಬೇರಿಂಗುಗಳು ಹೊರಬಂದವು. ಒಂದೊಂದು ಚಕ್ರಕ್ಕೆ ಒಳಗೊಂದು ದೊಡ್ಡದು, ಹೊರಗೊಂದು ಚಿಕ್ಕದು. ಗ್ರೀಸು ಗಟ್ಟಿಯಾಗಿ ಕಪ್ಪು ಅಂಟಿನಂತಾಗಿತ್ತು. ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಹಳೆಯ ಪೇಪರಿನ ಮೇಲೆ ಎಡ, ಬಲ ಎಂದು ಪೆನ್ನಿನಲ್ಲಿ ಬರೆದು ಇಟ್ಟೆ. ಹೊಸ ಪಿನ್ನು ಕೇಳಲು ಊರಾಚೆಯ ನಂಜುಂಡೇಶನ ಟ್ರಾಕ್ಟರ್ ಶೆಡ್ಡಿಗೆ ಹೋದೆ. ಅವನು ಇಡೀ ಡಬ್ಬ ಸುರುವಿ ಹುಡುಕಿದ. ಮುಕ್ಕಾಲು ಗಂಟೆ ಹಿಡಿಯಿತು.

ವಾಪಸು ಬಂದಾಗ ಪೇಪರು ಖಾಲಿಯಾಗಿತ್ತು.

ನಮ್ಮತ್ತೆ ಸುವರ್ಣಮ್ಮ ಸೋಮವಾರದ ಪೂಜೆಗೆಂದು ಭಾನುವಾರವೇ ಹಿತ್ತಾಳೆ ಸಾಮಾನುಗಳನ್ನು ಬೆಳಗುತ್ತಾರೆ. ಬಚ್ಚಲ ಕಲ್ಲಿನ ಪಕ್ಕ ಚೊಂಬು, ದೀಪ, ಗಂಟೆ, ಆರತಿ ತಟ್ಟೆ ಬಿಸಿಲಿಗೆ ಸಾಲಾಗಿ ಬೋರಲು ಬಿದ್ದಿದ್ದವು. ಅದೇ ಸಾಲಿನಲ್ಲಿ ನಾಲ್ಕು ಬೇರಿಂಗುಗಳು.

"ನೋಡು, ಎಂಗ್ ಒಳೀತವೆ. ನೀನ್ ಬರೀ ಡೀಸೆಲ್ನಾಗ್ ಅದ್ದಿದ್ದೆ. ಕರೇನೇ ಓಗಿರ್ಲಿಲ್ಲ. ಬೂದಿ ಉಣಸೆಣ್ಣು ಆಕಿ ಚೆನ್ನಾಗ್ ಉಜ್ಜಿವ್ನಿ," ಎಂದರು ಅತ್ತೆ. ಕೈಯಲ್ಲಿ ಇನ್ನೂ ತೆಂಗಿನ ನಾರಿತ್ತು.

"ಎಡಗಡೆಯವು ಯಾವುವು?"

"ಎಲ್ಲಾ ಒಂದೇ ಅಲ್ವಾ? ಎಲ್ಡ್ ದೊಡ್ಡವು, ಎಲ್ಡ್ ಚಿಕ್ಕವು."

ನಾನು ಬಚ್ಚಲ ಕಟ್ಟೆಯ ಮೇಲೆ ಕೂತೆ. ಬೂದಿ ಎಂದರೆ ಉಕ್ಕಿಗೆ ಮರಳುಕಾಗದ. ಹುಣಸೆಯ ಆಮ್ಲ, ನೀರು, ಬಿಸಿಲು ಸೇರಿದರೆ ಏನಾಗುತ್ತದೆಂದು ಮಕ್ಕಳಿಗೆ ಹೇಳಿಕೊಡಲು ಎರಡು ಪದವಿ ಪಡೆದಿದ್ದೇನೆ. ಅತ್ತೆ ಹೊಗಳಿಕೆಗೆ ಕಾಯುತ್ತಿದ್ದರು.

ಎಲ್ಲವನ್ನೂ ಎತ್ತಿಕೊಂಡು ಬಂದು ಮತ್ತೆ ಡೀಸೆಲ್ಲಿಗೆ ಹಾಕಿದೆ. ಬೂದು ಬಣ್ಣ ಬಂತು. ಚೆಲ್ಲಿ ಬೇರೆ ಹಾಕಿದೆ. ಮತ್ತೆ ಬಂತು. ಮೂರನೆಯ ಸಲವೂ ಬಟ್ಟಲಿನ ತಳದಲ್ಲಿ ಬೂದಿ ಕೂತಿತು. ನಾಲ್ಕನೆಯ ಸಲ ತಿಳಿಯಾಯಿತು. ಬಟ್ಟೆಯಲ್ಲಿ ಒತ್ತಿ, ಒಂದೊಂದೇ ರೋಲರನ್ನು ಬೆರಳಿನಿಂದ ತಿರುಗಿಸುತ್ತ ಬಿಸಿಲಿಗೆ ಹಿಡಿದೆ. ದೊಡ್ಡದೊಂದರಲ್ಲಿ, ಮೂರು ರೋಲರುಗಳ ಮೇಲ್ಮೈ ಚಕ್ಕೆಯೆದ್ದಿತ್ತು. ಉಗುರು ಸಿಕ್ಕಿಕೊಳ್ಳುವಷ್ಟು. ಬೆಳಿಗ್ಗೆ ಅದರ ಮೇಲೆ ಕಂದು ಕರೆ ಇತ್ತು, ನನಗೆ ಕಂಡಿರಲಿಲ್ಲ. ಹಾಗೇ ಗ್ರೀಸು ತುಂಬಿ ಕೂರಿಸುತ್ತಿದ್ದೆ.

ಸದ್ದು ಮಾಡುತ್ತಿದ್ದ ಎಡದ್ದು ಇದೇ. ಇನ್ನೊಂದು ದೊಡ್ಡದು ನುಣ್ಣಗಿತ್ತು, ಅದು ಬಲದ್ದು. ಚಿಕ್ಕವೆರಡರ ಗುರುತು ಸಿಗಲೇ ಇಲ್ಲ. ಮೂರು ಹೊಸವು ಬೇಕು. ಭಾನುವಾರ ಯಾವ ಅಂಗಡಿಯೂ ಇಲ್ಲ.

"ನಾನ್ ಉಜ್ಜಿದ್ಕೇ ಅಂಗಾಯ್ತಾ?" ಅತ್ತೆ ಬಗ್ಗಿ ನೋಡಿದರು.

"ಇಲ್ಲ. ಮೊದಲೇ ಹೋಗಿತ್ತು. ನೀವು ಉಜ್ಜಿದ್ದಕ್ಕೆ ಕಾಣಿಸಿತು."

ನಿಜವನ್ನೇ ಹೇಳಿದೆ. ಹೇಳಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಾಲ್ಕು ಗಂಟೆಗೆ ಅಮರನಾಥ ಬಸ್ಸಿಳಿದು ಬಂದ. ಜೀಪಿನಲ್ಲಿ ವಾಪಸು ಹೋಗುವವನು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮುಂದೆ ಚಕ್ರಗಳಿಲ್ಲದೆ ಕಲ್ಲುಗಳ ಮೇಲೆ ಕೂತಿದ್ದ ಜೀಪನ್ನು ಒಂದು ಸುತ್ತು ಹಾಕಿ ನೋಡಿದ.

"ಏನತ್ಗೆ ಇದು? ಗುಜರಿಗೆ ಆಕಿದಂಗೈತಲ್ಲ."

"ಬೇರಿಂಗ್ ಹೋಗಿದೆ. ನಾಳೆ ಹಾಸನಕ್ಕೆ ಹೋಗಿ ತರ್ತೀನಿ."

"ಭಾನುವಾರದೊಳ್ಗೆ ಸದ್ದು ನಿಲ್ಲುಸ್ತೀನಿ ಅಂದಿದ್ರಿ."

"ನಿಂತಿದೆಯಲ್ಲ. ಕಿವಿಗೊಟ್ಟು ಕೇಳಿ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಮರನಾಥನಿಗೆ ನಗು ಬರಲಿಲ್ಲ. "ತಮಾಸೆ ಬ್ಯಾಡಿ. ಆ ಬೇರಿಂಗ್ ಇತ್ಲಾಗ್ ಕೊಡಿ. ನಮ್ ಕಡೆ ಮೆಕ್ಯಾನಿಕ್ಕನ್ನ ನಾಳೆ ಕರ್ಕಂಡ್ ಬಂದು, ಆಕ್ಸಿ, ಅಂಗೇ ಓಡಿಸ್ಕಂಡ್ ಓಯ್ತೀನಿ."

ಕೊಡಬಹುದಿತ್ತು. ಅವನು ಕೆಟ್ಟವನಲ್ಲ; ನಟರಾಜನನ್ನು ಆಸ್ಪತ್ರೆಯಿಂದ ಕರೆತಂದವನು ಅವನೇ. ಆದರೆ ಮಾದರಿಗೆ ಹಳೆಯದಿಲ್ಲದೆ ಅಂಗಡಿಯವನು ಹೊಸದು ಕೊಡುವುದಿಲ್ಲ, ಹೊಸದಿಲ್ಲದೆ ಜೀಪು ಅಂಗಳ ಬಿಟ್ಟು ಕದಲುವುದಿಲ್ಲ. ಎಡದ ದೊಡ್ಡದನ್ನೂ ಚಿಕ್ಕವೆರಡನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಕಾಲೇಜಿನ ಚೀಲಕ್ಕೆ ಹಾಕಿ ಜಿಪ್ಪು ಎಳೆದೆ.

"ನಾನೇ ತರ್ತೀನಿ," ಎಂದೆ. "ಬುಧವಾರ ಓಡುತ್ತೆ."

"ಓಡ್ದಿದ್ರೆ?"

"ಓಡದಿದ್ದರೆ ಗುರುವಾರ ನೀವು ತಗೊಂಡು ಹೋಗಿ."

ಅವನು ಚೀಲದ ಕಡೆ ಕೈ ಚಾಚಿದ. ಅತ್ತೆ ನಡುವೆ ಬಂದು ನಿಂತರು. "ಬುಡ್ಲಾ. ಬಿಚ್ಚಿರೋಳು ಅವ್ಳು. ಜೋಡುಸ್ಲಿ. ನಿಂಗೇನ್ ಅವಸ್ರ?"

ಅವನು ಕೈ ಹಿಂದೆಗೆದ. "ಬುಧವಾರ ಸಂಜೆ ಪೋನ್ ಮಾಡ್ತೀನಿ. ಚಕ್ರ ತಿರ್ಗೋದನ್ನ ವಿಡಿಯೋದಲ್ಲಿ ತೋರುಸ್ಬೇಕು," ಎಂದು ಹೇಳಿ, ಮುಂದಿನ ಬಸ್ಸಿಗೆ ಕಾಯುತ್ತ ಜಗಲಿಯಲ್ಲಿ ಕೂತ.

ನಾನು ಉಳಿದಿದ್ದ ಬಲದ ದೊಡ್ಡ ಬೇರಿಂಗಿಗೆ ಗ್ರೀಸು ತುಂಬತೊಡಗಿದೆ. ಅಂಗೈಗೆ ಒತ್ತಿದಷ್ಟೂ ಪಕ್ಕಕ್ಕೆ ಜಾರುತ್ತಿತ್ತು, ಸಂದಿಗೆ ಇಳಿಯುತ್ತಿರಲಿಲ್ಲ. ಅತ್ತೆ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತರು.

"ನಾನೂ ಒಸಿ ತುಂಬ್ಲಾ?"

"ಬೇಡ ಅತ್ತೆ."

ಅವರು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಎದ್ದು ಹೋಗಲಿಲ್ಲ.